ನಮ್ಮ ಹಳ್ಳ, ನಮ್ಮ ಕಾಲುಸಂಕ

ಮಲೆನಾಡು, ಕರಾವಳಿಯಲ್ಲಿ ನಮ್ಮ ಮನೆಗಳು ದೂರ ದೂರ. ಮನೆ ಹಿಂದೆ ತೋಟ. ತೋಟದ ಆಚೆ ಹಳ್ಳ. ಬೇಸಿಗೆಯಲ್ಲಿ ಕಲ್ಲಿನ ಮೇಲೆ ಕಾಲಿಟ್ಟು ದಾಟುತ್ತೇವೆ. ಮಳೆಗಾಲದಲ್ಲಿ ಹಳ್ಳ ತುಂಬುತ್ತದೆ. ಆಗ ಶಾಲೆಗೆ, ಅಂಗಡಿಗೆ, ಆಸ್ಪತ್ರೆಗೆ ಹೋಗೋದು ಹೇಗೆ? ಅದಕ್ಕೇ ನಮ್ಮ ಹಿರಿಯರು ಕಾಲುಸಂಕ ಕಟ್ಟಿದರು. ಸಂಕ ಅಂದರೆ ಸಣ್ಣ ಸೇತುವೆ.

ಸಂಕ ಕಟ್ಟೋಣ

ಮೇ ತಿಂಗಳಲ್ಲೇ ಕೆಲಸ ಮುಗಿಸಬೇಕು. ಹೋದ ವರ್ಷ ನೀರು ಎಲ್ಲಿವರೆಗೆ ಏರಿತ್ತು? ದಡದ ಗಿಡಗಳಲ್ಲಿ ಸಿಕ್ಕಿದ ಕಸ ನೋಡಿದರೆ ಗೊತ್ತಾಗುತ್ತೆ. ಸಂಕ ಅದಕ್ಕಿಂತ ಎತ್ತರ ಇರಬೇಕು.

ಬಲಿತ ಅಡಿಕೆ ಮರ ತರೋಣ. ಒಂದೇ ಮರ ಸಾಲದು. ನಾಲ್ಕೈದು ಮರ ಒತ್ತಾಗಿ ಜೋಡಿಸಿ ಬಿಗಿಯಾಗಿ ಕಟ್ಟೋಣ. ಮರದ ಎರಡೂ ತುದಿ ಗಟ್ಟಿ ನೆಲದ ಮೇಲೆ ಕೂರಬೇಕು. ಕಾಲು ಜಾರದಂತೆ ಬಿದಿರಿನ ಅಡ್ಡಪಟ್ಟಿ ಬಿಗಿಯೋಣ. ಎರಡೂ ಕಡೆ ಹಿಡಿದುಕೊಳ್ಳಲು ಗಳ ಕಟ್ಟೋಣ. ಮಕ್ಕಳ ಕೈಗೆ ಎಟುಕುವಂತೆ ಕೆಳಗೆ ಇನ್ನೊಂದು ಗಳ ಬೇಕೇ ಬೇಕು.

ದಡದ ಗಿಡ, ಪೊದೆ ಕಡಿಯೋದು ಬೇಡ. ಅವುಗಳ ಬೇರು ಮಣ್ಣನ್ನು ಹಿಡಿಯುತ್ತದೆ. ಮಣ್ಣು ಕುಸಿದರೆ ಸಂಕವೂ ಕುಸಿಯುತ್ತದೆ.

ಎಚ್ಚರ ಇರಲಿ

ಅಡಿಕೆ ಮರ ಹೊರಗೆ ಗಟ್ಟಿ, ಒಳಗೆ ಮೆತ್ತಗೆ. ನೋಡಲು ಚೆನ್ನಾಗಿರುತ್ತೆ, ಒಳಗೇ ಕೊಳೆತಿರುತ್ತೆ. ಕತ್ತಿಯ ಮೊನೆಯಿಂದ ಚುಚ್ಚಿ ನೋಡೋಣ. ಸಲೀಸಾಗಿ ಇಳಿದರೆ ಆ ಮರ ಬದಲಿಸೋಣ. ಪಾಚಿ ಕಟ್ಟಿದರೆ ಕೆರೆದು ತೆಗೆಯೋಣ. ಒಬ್ಬೊಬ್ಬರಾಗಿ ದಾಟೋಣ. ನೀರು ಸಂಕದ ಮೇಲೆ ಹರಿಯುವಾಗ ದಾಟಲೇಬಾರದು. ಶಾಲೆ ಒಂದು ದಿನ ತಪ್ಪಿದರೆ ಪರವಾಗಿಲ್ಲ.

2022ರ ಆಗಸ್ಟ್ ತಿಂಗಳು. ಉಡುಪಿ ಜಿಲ್ಲೆಯ ಬೈಂದೂರು ತಾಲೂಕು. ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟು ಮನೆಗೆ ಬರುತ್ತಿದ್ದಳು. ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದಳು. ಮಗು ಉಳಿಯಲಿಲ್ಲ. ಇಂಥ ದುಃಖ ಯಾವ ಮನೆಗೂ ಬರಬಾರದು.

ಅರ್ಜಿ ನಾವೇ ಬರೆಯೋಣ

ಮರದ ಸಂಕವನ್ನು ಮತ್ತೆ ಮತ್ತೆ ಕಟ್ಟಬೇಕು. ಮಕ್ಕಳು ದಿನಾ ದಾಟುವ ಕಡೆ ಕಾಂಕ್ರೀಟಿನ ಗಟ್ಟಿ ಸಂಕ ಬೇಕು. ಅದನ್ನು ಗ್ರಾಮಸಭೆಯಲ್ಲಿ ಕೇಳೋಣ. ಬಾಯಿಮಾತು ಮರೆತುಹೋಗುತ್ತೆ, ಬರಹ ಉಳಿಯುತ್ತೆ. ಹಳ್ಳದ ಆಚೆ ಎಷ್ಟು ಮನೆ? ಎಷ್ಟು ಮಕ್ಕಳು? ಎಷ್ಟು ತಿಂಗಳು ದಾರಿ ಬಂದ್? ಎಲ್ಲ ಬರೆಯೋಣ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಎಲ್ಲರೂ ಸಹಿ ಹಾಕೋಣ. ಅರ್ಜಿ ಕೊಟ್ಟಿದ್ದಕ್ಕೆ ರಸೀದಿ ಕೇಳಿ ಪಡೆಯೋಣ.

ಮಾತನಾಡೋಣ

1. ನಮ್ಮೂರಲ್ಲಿ ಎಷ್ಟು ಕಾಲುಸಂಕ ಇವೆ?
2. ಯಾವುದು ಹಳೆಯದಾಗಿದೆ?
3. ರಿಪೇರಿಗೆ ಯಾವ ದಿನ ಸೇರೋಣ?