ತಿಳಿಯದ ಭಾಷೆಯ ಪತ್ರಿಕೆಯನ್ನು ಓದುವ ಬಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ನಾನು ನನ್ನ ಕಸುಬಿಗೆ ತಕ್ಕಂತೆ ಒಂದು ಪಾಠವನ್ನೇ ಬರೆಯಬಯಸುತ್ತೇನೆ. ಜಪಾನೀ ಭಾಷೆ ಬಾರದವರು ಯಂತ್ರಮಾನವರನ್ನು ಕುರಿತ ಜಪಾನೀ ಹವ್ಯಾಸಿ ಪತ್ರಿಕೆಯನ್ನು ಓದುವುದು ಹೇಗೆ ಎಂಬುದೇ ಪಾಠದ ವಸ್ತು.

ಮತ್ತಿಗಿರಿಗೆ ಜಪಾನು ತೀರ ಅಪರಿಚಿತವಲ್ಲ. ಹೊಸೂರಿನ ಟಿ.ವಿ.ಎಸ್. ಕಾರ್ಖಾನೆಯು 1980ರ ದಶಕದಿಂದ 2001ರವರೆಗೆ ಸುಜುಕಿ ಸಂಸ್ಥೆಯ ಸಹಯೋಗದಲ್ಲಿ ಮೋಟಾರು ಬೈಕುಗಳನ್ನು ತಯಾರಿಸಿತು. ಹೊಸೂರಿನ ಬೇರೊಂದು ಕಾರ್ಖಾನೆಯಿಂದ ತರಬೇತಿಗೆಂದು ಜಪಾನಿಗೆ ಹೋಗಿ ಬಂದ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು, ಓಮ್‌ಷಾ ಪ್ರಕಾಶನದ ‘ರೋಬೋಕಾನ್ ಮ್ಯಾಗಜಿನ್’ ಪತ್ರಿಕೆಯ ಕೆಲವು ಸಂಚಿಕೆಗಳನ್ನು ಶಾಲೆಗೆ ಕೊಟ್ಟರು. ರೋಬೋಕಾನ್ ಎಂದರೆ ಯಂತ್ರಮಾನವರ ಸ್ಪರ್ಧೆ. ಜಪಾನಿನ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಎನ್.ಎಚ್.ಕೆ. ಪ್ರಸಾರ ಸಂಸ್ಥೆಯು 1988ರಲ್ಲಿ ಇದನ್ನು ಆರಂಭಿಸಿತು. ಅದರ ಮಾದರಿಯ ಏಷ್ಯಾ-ಪೆಸಿಫಿಕ್ ಸ್ಪರ್ಧೆ 2002ರಲ್ಲಿ ಟೋಕಿಯೋದಲ್ಲಿ ಮೊದಲಾಗಿ, 2008ರಲ್ಲಿ ನಮ್ಮ ಪುಣೆಯಲ್ಲಿಯೂ ನಡೆಯಿತು.

ಪುಟ ತಿರುವಿದ ಮಕ್ಕಳು, ‘ನಮಗೆ ಇಂಗ್ಲಿಷೇ ಸರಿಯಾಗಿ ಬರೋದಿಲ್ಲ. ಕನ್ನಡ ಮೀಡಿಯಂನವರು ಇದನ್ನೇನು ಓದೋದು ಸಾರ್?’ ಎಂದರು. ಇದೇ ಮಾತನ್ನು ಹೆತ್ತವರ ಬಾಯಲ್ಲಿಯೂ ಕೇಳಿದ್ದೇನೆ. ಎಷ್ಟೋ ಮನೆಗಳವರು ಮಕ್ಕಳನ್ನು ನಮ್ಮ ಶಾಲೆ ಬಿಡಿಸಿದ್ದು ಈ ಮಾತಿನಿಂದಲೇ. ಆದುದರಿಂದ ಉತ್ತರವನ್ನು ವಿವರವಾಗಿ ಕೊಡಬೇಕಾಗಿದೆ.

ಜಪಾನೀಯರೂ ಒಂದು ಕಾಲಕ್ಕೆ ಇದೇ ಸ್ಥಿತಿಯಲ್ಲಿದ್ದರು. 1771ರಲ್ಲಿ ಸುಗಿತ ಗೆಂಪಾಕು ಎಂಬ ವೈದ್ಯನ ಕೈಗೆ ಡಚ್ ಭಾಷೆಯ ಶರೀರರಚನಾ ಗ್ರಂಥವೊಂದು ಬಂದಿತು. ಆತನಿಗೆ ಡಚ್ ಬಾರದು. ಮಾಯೆನೊ ರ‍್ಯೋತಾಕು ಎಂಬ ಗೆಳೆಯನಿಗೆ ಕೆಲವು ಪದಗಳಷ್ಟೇ ಗೊತ್ತು. ಅವರು ವಧಾಸ್ಥಾನದಲ್ಲಿ ಶವಚ್ಛೇದವನ್ನು ಕಣ್ಣಾರೆ ಕಂಡು, ಪುಸ್ತಕದ ಚಿತ್ರಗಳೊಡನೆ ಹೋಲಿಸಿ, ಚಿತ್ರಗಳು ಸತ್ಯವೆಂದು ಅರಿತರು. ಬಳಿಕ ಚಿತ್ರದಿಂದ ಪದಕ್ಕೆ, ಪದದಿಂದ ವಾಕ್ಯಕ್ಕೆ ನಡೆದು 1774ರಲ್ಲಿ ಅನುವಾದವನ್ನು ಪ್ರಕಟಿಸಿದರು. ಹುಬ್ಬು ಎಂದರೇನೆಂದು ಹೇಳುವ ಒಂದೇ ವಾಕ್ಯಕ್ಕೆ ಇಡೀ ದಿನ ಹಿಡಿಯಿತೆಂದು ಸುಗಿತನು ಮುಪ್ಪಿನಲ್ಲಿ ಬರೆದಿದ್ದಾನೆ. ನಮ್ಮ ದಾರಿಯೂ ಅದೇ. ಮೊದಲು ಚಿತ್ರ, ಆಮೇಲೆ ಅಕ್ಷರ.

ಪತ್ರಿಕೆಯ ವಿದ್ಯುನ್ಮಂಡಲದ ನಕ್ಷೆಗಳಲ್ಲಿ ಅಂಕಿಗಳು ನಾವು ಬಳಸುವ 1, 2, 3 ಗಳೇ. ವೋಲ್ಟ್, ಓಮ್, ಮಿಲಿಮೀಟರ್‌ಗಳ ಗುರುತುಗಳೂ ನಮ್ಮ ವಿಜ್ಞಾನ ಪಠ್ಯದಲ್ಲಿರುವವೇ. ಗೇರ್‌ಪೆಟ್ಟಿಗೆಯ ಚಿತ್ರದ ಕೆಳಗೆ 344.2:1 ಎಂದಿದ್ದರೆ, ಮೋಟಾರು ಸುಮಾರು 344 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಸುತ್ತುವುದೆಂದು ಏಳನೆಯ ತರಗತಿಯ ಹುಡುಗಿ ಹೇಳಬಲ್ಲಳು. ಆದರೆ ಕೆಲವೆಡೆ ಎಚ್ಚರ ಬೇಕು. ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟ್, ನಮ್ಮದು 230. ಅಲ್ಲಿನ ಹವ್ಯಾಸಿಗಳು ಬಹುಕಾಲ ಬಳಸಿದ 2ಎಸ್‌ಸಿ1815 ಎಂಬ ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಮ್ಮತ್ತ ತಿರುಗಿಸಿ, ಕಾಲುಗಳನ್ನು ಕೆಳಗೆ ಹಿಡಿದರೆ, ಎಡದಿಂದ ಎಮಿಟರ್, ಕಲೆಕ್ಟರ್, ಬೇಸ್ ಬರುತ್ತವೆ. ಅದಕ್ಕೆ ಬದಲಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಬಿಸಿ547 ತಂದರೆ ಅದರ ಕ್ರಮ ಕಲೆಕ್ಟರ್, ಬೇಸ್, ಎಮಿಟರ್. ಚಿತ್ರ ನೋಡಿ ಹಾಗೆಯೇ ಬೆಸುಗೆ ಹಾಕಿದರೆ ಮಂಡಲ ಕೆಲಸ ಮಾಡದು.

ಇನ್ನು ಅಕ್ಷರ. ಜಪಾನೀಯರು ಮೂರು ಬಗೆಯ ಲಿಪಿಗಳನ್ನು ಬೆರೆಸಿ ಬರೆಯುತ್ತಾರೆ. ಅವುಗಳಲ್ಲಿ ಪರಭಾಷಾ ಪದಗಳಿಗೆ ಬಳಸುವ ‘ಕತಕನ’ ಎಂಬುದಷ್ಟೇ ನಮಗೆ ಸಾಕು. ಮೂಲಾಕ್ಷರಗಳು 46. ಅವುಗಳ ಕ್ರಮವನ್ನು ಕೇಳಿ: ಅ, ಇ, ಉ, ಎ, ಒ, ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ನಮ್ಮ ಒಂದನೆಯ ತರಗತಿಯ ಮಗು ರಾಗವಾಗಿ ಹೇಳುವ ವರ್ಣಮಾಲೆಯ ಸಂಕ್ಷೇಪವಲ್ಲವೇ ಇದು! ಆಕಸ್ಮಿಕವಲ್ಲ. ಬೌದ್ಧ ಭಿಕ್ಷುಗಳು ಮಂತ್ರಗಳಿಗಾಗಿ ಸಂಸ್ಕೃತದ ಅಕ್ಷರಗಳನ್ನು ಅಭ್ಯಾಸ ಮಾಡಿದ್ದರ ಫಲವಾಗಿ ಈ ಕ್ರಮ ಅಲ್ಲಿ ನೆಲೆಸಿತು.

ತ, ನ ಗಳಾದ ಮೇಲೆ ಪ ಬರಬೇಕಾದ ಜಾಗದಲ್ಲಿ ಹ ಏಕೆ ಬಂದಿತು? ಹಿಂದೆ ಅದು ಪಕಾರವೇ ಆಗಿತ್ತು, ಕಾಲಾಂತರದಲ್ಲಿ ಹಕಾರವಾಯಿತು. ಇದನ್ನು ಬೇರೆಯವರಿಗೆ ವಿವರಿಸಬೇಕಾದೀತು, ನಮ್ಮೂರಿನ ಮಕ್ಕಳಿಗೆ ಬೇಡ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ತಮಿಳು ನೆರೆಯವರು ಇಂದಿಗೂ ಪಾಲ್ ಎನ್ನುತ್ತಾರೆ, ತೆಲುಗರು ಪಾಲು ಎನ್ನುತ್ತಾರೆ. ಮತ್ತಿಗಿರಿಯ ಮಗು ಈ ಮೂರನ್ನೂ ಒಂದೇ ಬೀದಿಯಲ್ಲಿ ಕೇಳುತ್ತದೆ.

ಪತ್ರಿಕೆಯ ಹೆಸರಿನಿಂದಲೇ ಅಭ್ಯಾಸ ಆರಂಭಿಸಬಹುದು. ರೊ-ಬೊ-ಕೊ-ನ್-ಮ-ಗ-ಜಿ-ನ್ ಎಂದು ಎಂಟು ಅಕ್ಷರಗಳು. ನಾಲ್ಕನೆಯದೂ ಎಂಟನೆಯದೂ ಒಂದೇ. ರೊ ಒಂದು ಚೌಕ. ಕೊ ಎಡಗೋಡೆಯಿಲ್ಲದ ಚೌಕ. ಬೊ, ಗ, ಜಿ ಗಳಿಗೆ ಬೇರೆ ಅಕ್ಷರಗಳಿಲ್ಲ. ಹೊ, ಕ, ಶಿ ಗಳ ಬಲಮೇಲ್ಗಡೆ ಎರಡು ಪುಟ್ಟ ಗೀಟುಗಳನ್ನು ಎಳೆದರೆ ಸರಿ. ಕಕಾರ ಗಕಾರವಾಗುವುದು, ತಕಾರ ದಕಾರವಾಗುವುದು ಎಂದರೆ ನಮ್ಮ ಆದೇಶ ಸಂಧಿ ನೆನಪಾಗಬೇಕು. ಮಳೆ + ಕಾಲ = ಮಳೆಗಾಲ. ಜಪಾನಿಯಲ್ಲಿ ‘ಹ’ ಎಂದರೆ ಹಲ್ಲು, ‘ಕುರುಮ’ ಎಂದರೆ ಚಕ್ರ. ಎರಡೂ ಸೇರಿ ‘ಹಗುರುಮ’, ಅಂದರೆ ಹಲ್ಲಿನ ಚಕ್ರ, ನಾವು ಗೇರ್ ಎನ್ನುವುದು! (ಇಷ್ಟರಿಂದಲೇ ಎರಡು ಭಾಷೆಗಳು ಒಡಹುಟ್ಟಿದವೆಂದು ಭಾವಿಸಬೇಕಿಲ್ಲ. ಅಂಥ ವಾದ ಹೂಡಿದವರುಂಟು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಒಪ್ಪಿಲ್ಲ.)

ವ್ಯಂಜನದಲ್ಲಿ ಕೊನೆಗೊಳ್ಳುವ ಇಂಗ್ಲಿಷ್ ಪದಕ್ಕೆ ನಾವು ಉಕಾರ ಸೇರಿಸಿ ಬಸ್ಸು ಎನ್ನುವಂತೆ ಅವರು ‘ಬಸು’ ಎನ್ನುತ್ತಾರೆ. ನಮ್ಮ ಸ್ವಿಚ್ಚು ಅವರಲ್ಲಿ ‘ಸುಇಚ್ಚಿ’. ಅಕ್ಷರದ ಮುಂದೆ ಉದ್ದ ಗೀಟಿದ್ದರೆ ದೀರ್ಘ: ‘ಮೋತಾ’ ಎಂದರೆ ಮೋಟಾರು. ಈ ಗುಟ್ಟು ತಿಳಿದ ಮೇಲೆ ಒಂಬತ್ತನೆಯ ತರಗತಿಯ ಇಬ್ಬರು ಒಂದೇ ಪುಟದಲ್ಲಿ ಹದಿನಾಲ್ಕು ಪದಗಳನ್ನು ಗುರುತಿಸಿದರು. ಇದಕ್ಕೆ ಅವರಿಗೆ ಬೇಕಾದದ್ದು ಕನ್ನಡ ವ್ಯಾಕರಣ, ಕಿವಿಗೆ ಬಿದ್ದ ನಾಲ್ಕಾರು ಇಂಗ್ಲಿಷ್ ಪದ, ಒಂದಿಷ್ಟು ಹಟ.

ಚೀನೀ ಮೂಲದ ಚಿತ್ರಾಕ್ಷರಗಳು ಸಾವಿರಾರು ಇವೆ; ಅವನ್ನೆಲ್ಲ ಕಲಿಯುವ ಗೋಜು ನಮಗೆ ಬೇಡ. ದೊಡ್ಡ ಚೌಕದೊಳಗೊಂದು ಸಣ್ಣ ಚೌಕವಿದ್ದರೆ ಸುತ್ತು ಎಂದರ್ಥ. ಮೋಟಾರಿನ ಪುಟದಲ್ಲಿ ಅದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಎಡ, ಬಲ ಎಂಬ ಅಕ್ಷರಗಳು ನೋಡಲು ಒಂದೇ ಬಗೆ. ಕೆಳಭಾಗದಲ್ಲಿ ಚೌಕವಿದ್ದರೆ ಬಲ. ತಂತಿ ಜೋಡಿಸುವಾಗ ಇಷ್ಟು ತಿಳಿದಿದ್ದರೂ ಉಪಯೋಗವಿದೆ.

ಆದರೆ ವಾಕ್ಯಗಳು ನಮಗೆ ದಕ್ಕುವುದಿಲ್ಲ. ಕನ್ನಡದಂತೆ ಜಪಾನಿಯಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ. ಮಾಡು ಎಂಬುದೋ, ಮಾಡಬೇಡ ಎಂಬುದೋ ಆ ಕೊನೆಯಲ್ಲಿಯೇ ಅಡಗಿರುತ್ತದೆ. ಚಿತ್ರ ನೋಡಿ ಅದನ್ನು ಊಹಿಸಬಾರದು. ಆಶ್ಚರ್ಯಸೂಚಕ ಚಿಹ್ನೆಯುಳ್ಳ ತ್ರಿಕೋನ ಕಂಡಲ್ಲಿ ಕೆಲಸ ನಿಲ್ಲಿಸಿ, ಬಲ್ಲವರನ್ನು ಕೇಳಬೇಕು. ಸಂಚಿಕೆಗಳು ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿವೆ. 46 ಅಕ್ಷರಗಳ ಎದುರು ಕನ್ನಡದ ಉಚ್ಚಾರಣೆ ಬರೆದ ಹಾಳೆಯನ್ನು ಒಂದೊಂದರ ಒಳಹೊದಿಕೆಗೂ ಅಂಟಿಸಿದ್ದೇನೆ.