ಹಳೆಯ ಗಣಕದಿಂದ ಕಲಿತ ಲೆಕ್ಕ

ಲೆಕ್ಕದ ಉತ್ತರವನ್ನು ಪಡೆಯುವುದು ಬೇರೆ, ಲೆಕ್ಕವನ್ನು ತಿಳಿಯುವುದು ಬೇರೆ. ಇಂದು ಕೈಯಲ್ಲಿರುವ ಫೋನು ಕ್ಷಣಾರ್ಧದಲ್ಲಿ ಉತ್ತರವನ್ನು ಕೊಡುವುದು. ಅದು ಹೇಗೆ ಬಂದಿತೆಂಬುದನ್ನು ಮಾತ್ರ ಹೇಳದು. ಹೀಗಿರುವಾಗ ಅರ್ಧಶತಮಾನದ ಹಿಂದಿನ ಯಂತ್ರವೊಂದು ನನಗೆ ಗುರುವಾಯಿತು. ಕಲಾ ವಿಭಾಗದ ವಿದ್ಯಾರ್ಥಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದನ್ನು ಕಡೆಯಲ್ಲಿ ಹೇಳುವೆನು.

ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯು 1975ರಲ್ಲಿ ಎಚ್‌ಪಿ-25 ಎಂಬ ಕ್ಯಾಲ್ಕ್ಯುಲೇಟರನ್ನು 195 ಡಾಲರ್ ಬೆಲೆಗೆ ಹೊರತಂದಿತು. ಅದರಲ್ಲಿದ್ದುದು 30 ಗುಂಡಿಗಳು ಮತ್ತು ಎಂಟು ನೆನಪಿನ ಕೋಶಗಳು. ಲೆಕ್ಕದ ಕ್ರಮವನ್ನು 49 ಹೆಜ್ಜೆಗಳೊಳಗೆ ಒಮ್ಮೆ ಹೇಳಿಕೊಟ್ಟರೆ, ಎಷ್ಟು ಸಲ ಬೇಕಾದರೂ ಅದು ತಾನಾಗಿ ನಡೆಸುತ್ತಿತ್ತು.

ಈ ಗಣಕದಲ್ಲಿ ‘=’ ಗುಂಡಿಯೇ ಇಲ್ಲ! ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಸಿಯೇವಿಚ್ ಅವರು ಕ್ರಿಯಾಚಿಹ್ನೆಯನ್ನು ಸಂಖ್ಯೆಗಳ ಮೊದಲು ಬರೆದು ಆವರಣಚಿಹ್ನೆಗಳನ್ನು ಅನಾವಶ್ಯಕಗೊಳಿಸಿದರು. ಈ ಗಣಕದಲ್ಲಿ ಅದೇ ಚಿಹ್ನೆ ಕೊನೆಗೆ ಬರುವುದು. ಮೂರು, ನಾಲ್ಕು, ಕೂಡು, ಐದು, ಗುಣಿಸು, ಉತ್ತರ 35. ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿಡುವ ಕನ್ನಡಿಗರಿಗೆ ಇದಕ್ಕಿಂತ ಸಹಜವಾದ ಕ್ರಮ ಯಾವುದು? ಒಳಗೆ ಸಂಖ್ಯೆಗಳು ಒಟ್ಟಿದ ಬೆರಣಿಯಂತೆ ನಾಲ್ಕು ಮೆಟ್ಟಿಲಲ್ಲಿ ಕೂರುವುವು. ಕಡೆಗೆ ಇಟ್ಟದ್ದೇ ಮೊದಲು ಕೈಗೆ ಬರುವುದು.

ಮೂಲ ಯಂತ್ರವನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲ. ಆದುದರಿಂದ ಆರ್ಡುಯಿನೊ ಊನೊ ಎಂಬ ಮೈಕ್ರೋಕಂಟ್ರೋಲರ್ ಹಲಗೆಯಲ್ಲಿ ಅದರ ನಡತೆಯನ್ನು ಹೊಸದಾಗಿ ರಚಿಸಲು ತೊಡಗಿದೆನು. 30 ಗುಂಡಿಗಳಿಗೆ 30 ತಂತಿ ಬೇಕಿಲ್ಲ. ಆರು ಅಡ್ಡಸಾಲು, ಐದು ಕಂಬಸಾಲು ಮಾಡಿ, ಒಂದೊಂದೇ ಸಾಲನ್ನು ಸರದಿಯಂತೆ ಪರೀಕ್ಷಿಸಿದರೆ 11 ತಂತಿಗಳು ಸಾಕು.

ಮೊದಲ ಯತ್ನದಲ್ಲಿ ಸೋತೆನು. 1234567891 ಎಂದು ಒತ್ತಿದರೆ ಪರದೆಯಲ್ಲಿ 1234567936 ಕಾಣಿಸಿತು! ತಂತಿಗಳನ್ನೆಲ್ಲ ಬಿಚ್ಚಿ ನೋಡಿದೆನು, ದೋಷ ತಂತಿಯದಾಗಿರಲಿಲ್ಲ. ಈ ಹಲಗೆಯು ದಶಮಾಂಶ ಸಂಖ್ಯೆಯನ್ನು 32 ಬಿಟ್‌ಗಳ ದ್ವಿಮಾನ ರೂಪದಲ್ಲಿಡುವುದರಿಂದ ಸುಮಾರು ಏಳು ಅಂಕಿಗಳಷ್ಟೇ ನಂಬಿಕೆಗೆ ಅರ್ಹ. ಹಳೆಯ ಯಂತ್ರವಾದರೋ ನಾವು ಕಾಗದದಲ್ಲಿ ಬರೆಯುವಂತೆ ಒಂದೊಂದು ಅಂಕಿಯನ್ನೂ ನಾಲ್ಕು ಬಿಟ್‌ಗಳಲ್ಲಿ ಬೇರೆಯಾಗಿ ಇಡುತ್ತಿತ್ತು. ಹತ್ತು ಅಂಕಿಗಳು, ಘಾತದ ಎರಡು ಅಂಕಿಗಳು, ಎರಡು ಚಿಹ್ನೆಗಳು, ಒಟ್ಟು 14 ಸ್ಥಾನ. ಅಂದರೆ ಏಳು ಬೈಟ್. ಹನ್ನೆರಡು ಸಂಖ್ಯೆಗಳಿಗೆ 84 ಬೈಟ್, ಹೆಜ್ಜೆಗಳಿಗೆ 49; ಒಟ್ಟು 133. ಹಲಗೆಯಲ್ಲಿ ಇರುವುದು 2048. ಕೊರತೆ ಜಾಗದ್ದಲ್ಲ, ನನ್ನ ತಿಳಿವಳಿಕೆಯದು! ಕೈಲೆಕ್ಕದ ಹಾಗೆಯೇ ದಶಕವನ್ನು ಮುಂದಿನ ಮನೆಗೆ ಒಯ್ಯುವ ವಿಧಾನವನ್ನು ಬರೆದ ಮೇಲೆ ಉತ್ತರ ಸರಿಯಾಯಿತು.

ಇನ್ನು ಕಾರಣವನ್ನು ಹೇಳುವೆನು. ನಾನು ಪ್ರೌಢಶಾಲೆಯಲ್ಲಿದ್ದಾಗ ನಮ್ಮ ತಂದೆಯವರು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯಂತೆ 20,000 ರೂಪಾಯಿ ಸಾಲ ತಂದಿದ್ದರು. ವರ್ಷ ಕಳೆದಾಗ 27,200 ಆಗುವುದೆಂದು ಅವರ ಎಣಿಕೆ. ಕೇಳಿದ್ದು 28,515. ಓದು ಬಾರದ ತಂದೆಯವರು ಹೆಬ್ಬೆಟ್ಟು ಒತ್ತಿ ಸುಮ್ಮನಾದರು. ನನಗೂ ವಿವರಿಸಲು ತಿಳಿಯಲಿಲ್ಲ.

ಗಣಕ ಸಿದ್ಧವಾದ ದಿನ ಒಂದನೆಯ ಕೋಶದಲ್ಲಿ 1.03 ಇಟ್ಟು ನಾಲ್ಕೇ ಹೆಜ್ಜೆ ಕಲಿಸಿದೆನು: ಕೋಶದ ಸಂಖ್ಯೆಯನ್ನು ತಾ, ಗುಣಿಸು, ನಿಂತು ತೋರಿಸು, ಮೊದಲ ಹೆಜ್ಜೆಗೆ ಹೋಗು. 20,000 ಒತ್ತಿ ಗುಂಡಿಯನ್ನು ತಂದೆಯವರ ಕೈಗೆ ಬಿಟ್ಟೆನು. ಒಮ್ಮೆ ಒತ್ತಿದರೆ 20,600, ಮತ್ತೊಮ್ಮೆ 21,218. ಒಂದೊಂದನ್ನೂ ನಾನು ಓದಿ ಹೇಳಿದೆನು. ಎರಡನೆಯ ತಿಂಗಳಲ್ಲಿ 600ರ ಬದಲು 618 ಏಕೆ ಏರಿತೆಂದು ಅವರೇ ಕೇಳಿದರು. ಬಡ್ಡಿಗೂ ಬಡ್ಡಿ ಬಿದ್ದಿತೆಂದೆನು. ಹನ್ನೆರಡನೆಯ ಸಲ 28,515.22 ಬಂದಿತು.

“ಆವತ್ತು ಯಾರೂ ಹಿಂಗೆ ತಿಂಗಳು ತಿಂಗಳು ತೋರಿಸ್ಲಿಲ್ಲ ಕಣಪ್ಪ” ಎಂದರು.

ಕೊಟ್ಟ ಹಣ ಮರಳಿ ಬಾರದು. ಆದರೆ ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಇಂಥ ಗಣಕವನ್ನು ವಿದ್ಯಾರ್ಥಿಗಳು ತಾವೇ ಕಟ್ಟಿದರೆ, ಉತ್ತರವನ್ನು ಒಪ್ಪುವ ಮುನ್ನ ದಾರಿಯನ್ನು ಕೇಳುವ ಅಭ್ಯಾಸವಾಗುವುದು. ವಿದ್ಯೆಯ ಫಲ ಅದೇ ಅಲ್ಲವೇ?