ಟ್ರೇಲರ್‌ಗೆ ಆಕ್ಸೆಲ್ ಕೊಳ್ಳುವ ಮುನ್ನ

ಅರಸೀಕೆರೆ ಸೀಮೆಯಲ್ಲಿ ತೆಂಗಿನಕಾಯಿ ಹೊರುವ ಟ್ರೇಲರೇ ಬೇಸಿಗೆಯಲ್ಲಿ ಕೆರೆಗೋಡನ್ನೂ ಹೊರಬೇಕು. ಆಕ್ಸೆಲ್ ಬಾಗುವುದು ಕಾಯಿಗಲ್ಲ, ಗೋಡಿಗೆ. ಸುಲಿದ ಕಾಯಿ ತಲಾ 600 ಗ್ರಾಂ ಎಂದರೆ 3,000 ಕಾಯಿ 1.8 ಟನ್ ತೂಗುತ್ತವೆ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಗೆ ಹಸಿ ಗೋಡನ್ನು ಅಂಚಿನವರೆಗೆ ತುಂಬಿದರೆ ಆರು ಟನ್ ಹತ್ತಿರ ಬರುತ್ತದೆ.

ಆದ್ದರಿಂದ ಮೊದಲು ತೂಕದ ಲೆಕ್ಕ. ವರ್ಷದಲ್ಲಿ ಹೇರುವ ಅತಿ ಭಾರದ ಸರಕಿಗೆ ಖಾಲಿ ಟ್ರೇಲರ್‌ನ ತೂಕ ಕೂಡಿಸಿ, ಅದಕ್ಕೂ ಮಿಗಿಲಾಗಿ ತಾಳುವ ಆಕ್ಸೆಲ್ ಕೇಳಿ. ಆರ್‌ಸಿಯಲ್ಲಿರುವ ತೂಕ ಮೀರುವುದಾದರೆ ಗೋಡನ್ನು ಅರ್ಧ ತೊಟ್ಟಿ ಮಾತ್ರ ತುಂಬಿ. ಹಬ್ಬಿನ ಬೇರಿಂಗ್ ನಂಬರು ನಿಮ್ಮೂರಿನ ಅಂಗಡಿಯಲ್ಲೇ ಸಿಗುವಂತಿರಲಿ. ಕೊಯ್ಲಿನ ಹೊತ್ತಿನಲ್ಲಿ ಅದೇ ದೊಡ್ಡ ಅನುಕೂಲ.

ಇನ್ನು ಎತ್ತರ. ಇಲ್ಲಿ ಬಹಳ ಮಂದಿ ತಪ್ಪುತ್ತಾರೆ. ತೊಟ್ಟಿಯ ಎತ್ತರ ಬೇರೆ, ಆಕ್ಸೆಲ್ಲಿನ ಎತ್ತರ ಬೇರೆ. ಪಟ್ಟಿ ಸ್ಪ್ರಿಂಗ್ ಆಕ್ಸೆಲ್ಲಿನ ಕೆಳಗಿದ್ದರೆ ಅದನ್ನು ಮೇಲಕ್ಕೆ ಕೂರಿಸಬಹುದು. 75 ಮಿ.ಮೀ. ಆಕ್ಸೆಲ್, 60 ಮಿ.ಮೀ. ದಪ್ಪದ ಪಟ್ಟಿಗಳಾದರೆ ತೊಟ್ಟಿ 135 ಮಿ.ಮೀ. ಏರುತ್ತದೆ. ಭಾರ ಹೇರಿದಾಗ ಟೈರು ತೊಟ್ಟಿಗೆ ಉಜ್ಜುವುದು ಇದರಿಂದ ನಿಲ್ಲುತ್ತದೆ. ಆದರೆ ಬೇಲೂರು, ಹಳೇಬೀಡಿನ ಆಲೂಗೆಡ್ಡೆ ಹೊಲದ ಬದುವಿಗೆ ಆಕ್ಸೆಲ್ ತಗುಲುವುದು ನಿಲ್ಲುವುದಿಲ್ಲ. ಆಕ್ಸೆಲ್ಲೇ ಮೇಲೇಳಬೇಕಾದರೆ ದೊಡ್ಡ ಟೈರು ಬೇಕು. ಟೈರಿನ ವ್ಯಾಸ 100 ಮಿ.ಮೀ. ಹೆಚ್ಚಿದರೆ ಆಕ್ಸೆಲ್ ಏರುವುದು 50 ಮಿ.ಮೀ. ಮಾತ್ರ. ಖರ್ಚು ಮಾಡುವ ಮೊದಲು ಟ್ರೇಲರ್‌ಗೆ ಭಾರ ಹೇರಿ, ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಯಾವುದು ಎಲ್ಲಿ ತಗುಲುತ್ತದೆಂದು ಅಳತೆಪಟ್ಟಿ ಹಿಡಿದು ನೋಡಿ.

ತೊಟ್ಟಿ ಏರಿಸಿದರೆ ಕೊಂಡಿಯ ಎತ್ತರವನ್ನೂ ಸರಿಪಡಿಸಿ. ಇಲ್ಲವಾದರೆ ಮೂತಿ ತಗ್ಗಿ ಸರಕು ಮುಂದಕ್ಕೆ ಜಾರುತ್ತದೆ. ಎತ್ತರ ಹೆಚ್ಚಿದಷ್ಟೂ ತಿರುವಿನಲ್ಲಿ ಮಗುಚುವ ಭಯವೂ ಹೆಚ್ಚು. ನನ್ನನ್ನು ಕೇಳಿದರೆ, ಉಜ್ಜುವುದು ತಪ್ಪುವಷ್ಟು ಏರಿಸಿದರೆ ಸಾಕು. ಬೆಸುಗೆಯನ್ನು ನುರಿತವರಿಂದಲೇ ಮಾಡಿಸಿ. ರಚನೆ ಬದಲಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೆ ಅನ್ವಯಿಸುತ್ತದೆ.

ಮೊದಲ ಲೋಡು ಬೇಲೂರಿನಿಂದ ಹಳೇಬೀಡಿಗೆ ಎಂದುಕೊಳ್ಳಿ, ಸುಮಾರು 16 ಕಿ.ಮೀ. ಇಳಿದೊಡನೆ ಅಂಗೈ ಹಿಂಬದಿಯನ್ನು ಹಬ್ಬಿನ ಹತ್ತಿರ ಹಿಡಿದು ನೋಡಿ. ಒಂದು ಕಡೆ ಮಾತ್ರ ಕಾದಿದ್ದರೆ ಆ ಬೇರಿಂಗ್ ಬಿಚ್ಚಿಸಿ. ಯು ಬೋಲ್ಟುಗಳನ್ನು ಅಲ್ಲೇ ಮತ್ತೊಮ್ಮೆ ಬಿಗಿಮಾಡಿ. ಜಾತ್ರೆಯಿರಲಿ, ಮದುವೆಯಿರಲಿ, ಎತ್ತರಿಸಿದ ಟ್ರೇಲರ್‌ನಲ್ಲಿ ಜನರನ್ನು ಕೂರಿಸಲೇಬೇಡಿ.